ಹೊಳೆಗೆ ಬಿಡದ ನೀರು

ಮೂರು ಗುಂಡಿ ತೋಡುವುದಕ್ಕೆ ಏನು ಖರ್ಚಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಹೀಗೆ ಲೆಕ್ಕ ಹೇಳುತ್ತೇನೆ. ಎರಡು ದಡದ ಗಂಡಸರ ಹತ್ತಿರ ಹತ್ತಿರ ಎರಡು ವಾರದ ದುಡಿಮೆ. ಇಪ್ಪತ್ತು ಗಾಡಿ ಕಲ್ಲು, ಅದನ್ನು ಎಳೆದ ಎತ್ತುಗಳಿಗೆ ಬೇಯಿಸಿದ ಹುರುಳಿ. ಐದು ಪಲ್ಲ ರಾಗಿ, ಅದಕ್ಕೆ ತಕ್ಕ ಅವರೆಕಾಯಿ, ಉತ್ತಯ್ಯನವರು ಕಳಿಸಿದ ಬೆಲ್ಲ ಮತ್ತು ಕಾಫಿಪುಡಿ. ಮುರಿದ ಗುದ್ದಲಿ ಕಾವುಗಳು. ಕೆಂಪಣ್ಣನ ಎಡಗಾಲಿನ ಹೆಬ್ಬೆರಳ ಉಗುರು. ನಮ್ಮ ಸೆಣಬಿನ ಮಡು. ಕೊನೆಗೆ, ಕೆಟ್ಟುಹೋದ ಎರಡು ಲಾರಿ ಕಾಫಿ ಹಣ್ಣು. ಇದರಲ್ಲಿ ಕೂಲಿಯ ಲೆಕ್ಕ ಇಲ್ಲ, ಯಾಕೆಂದರೆ ಕೂಲಿ ಅಂತ ಒಂದು ಕಾಸೂ ಯಾರ ಕೈಯಿಂದಲೂ ಯಾರ ಕೈಗೂ ಹೋಗಲಿಲ್ಲ.

ಕೊಡಗು ಆಗ ತನ್ನದೇ ರಾಜ್ಯ. ಶಿರಂಗಾಲ ದಾಟಿ ಕೆಳಗೆ ಬಂದರೆ ಕೊನೆಯ ಊರು ನಮ್ಮದು. ಕಾವೇರಿಯ ಈಚೆ ದಡ ಕೊಡಗು, ಆಚೆ ದಡ ಮೈಸೂರು. ನಮ್ಮ ಮಾವನವರ ಕಾಲದಲ್ಲಿ ಹಾಸನದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದು ಇಲ್ಲಿ ನೆಲ ಹಸನು ಮಾಡಿದವರು ನಾವು. ಹೆಣ್ಣು ಕೊಡುವುದು, ತರುವುದು ಎಲ್ಲ ಆಚೆ ದಡದ ಜೊತೆಗೇ. ನನ್ನ ಮಗಳು ನಿಂಗಮ್ಮನನ್ನೂ ಅಲ್ಲಿಗೇ ಕೊಟ್ಟದ್ದು. ನಾವು ನೀರು ತುಂಬುವ ಕಡವಿನಲ್ಲಿ ನಿಂತು ಕೆಳಕ್ಕೆ ನೋಡಿದರೆ, ಹೊಳೆ ತಿರುಗಿ ಹೋಗುವಲ್ಲಿ ಆಚೆ ದಡದವರ ಕಡವು ಕಾಣುತ್ತದೆ. ಬೆಳಿಗ್ಗೆ ನಾನು ಇಲ್ಲಿ ಕೊಡ ಮುಳುಗಿಸುವ ಹೊತ್ತಿಗೆ ಅವಳು ಅಲ್ಲಿ ಮುಳುಗಿಸುತ್ತಿರುತ್ತಾಳೆ. ಕೂಗಿದರೆ ಕೇಳಿಸುವುದಿಲ್ಲ, ಕೈ ಎತ್ತಿದರೆ ಕಾಣಿಸುತ್ತದೆ. ಅವಳು ಕೈ ಎತ್ತಿದರೆ ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದು ತಿಳಿದು ನಾನು ಕೊಡ ಹೊತ್ತು ಹಿಂದಿರುಗುತ್ತಿದ್ದೆ.

ಉತ್ತಯ್ಯನವರ ಕಾಫಿ ಕಾರ್ಖಾನೆ ಬಂದದ್ದು ನಮಗೂ ಶಿರಂಗಾಲಕ್ಕೂ ನಡುವೆ, ಹೊಳೆಯ ಪಕ್ಕದ ದಿಬ್ಬದ ಮೇಲೆ. ಬೆಟ್ಟದ ತೋಟಗಳಲ್ಲಿ ಹಣ್ಣು ಕೆಂಪಾಗುವ ಹೊತ್ತಿಗೆ ಅಲ್ಲಿನ ತೋಡು ಹಳ್ಳಗಳ ನೀರು ಇಳಿದಿರುತ್ತದೆ. ಹಣ್ಣನ್ನು ಕುಯ್ದ ದಿನವೇ ಸಿಪ್ಪೆ ಬಿಡಿಸಿ ಬೀಜ ತೊಳೆಯದಿದ್ದರೆ ಕೆಡುತ್ತದೆ. ಅದಕ್ಕೆ ಅವರು ತಮ್ಮ ತೋಟದ್ದನ್ನೂ ಅಕ್ಕಪಕ್ಕದ ಸಣ್ಣ ಬೆಳೆಗಾರರದ್ದನ್ನೂ ಲಾರಿಯಲ್ಲಿ ತಂದು ಇಲ್ಲಿ ತೊಳೆಯುವ ಯೋಚನೆ ಮಾಡಿದರು. ಯೋಚನೆ ಒಳ್ಳೆಯದೇ. ನಮ್ಮೂರಿನ ಹೆಂಗಸರಿಗೆ ಕಣದಲ್ಲಿ ಬೀಜ ಹರವುವ ಕೆಲಸವೂ ಸಿಕ್ಕಿತು.

ಮೊದಲ ವರ್ಷವೇ ತೊಂದರೆ ಗೊತ್ತಾಯಿತು. ಹೊಳೆ ಇಳಿದಿದ್ದ ಕಾಲ. ಕಾರ್ಖಾನೆಯ ಕಾಲುವೆಯಿಂದ ಕೆಂಪಗೆ, ಲೋಳೆ ಲೋಳೆಯಾಗಿ ನೀರು ಬಂತು. ಎರಡು ಮೂರು ದಿನಕ್ಕೆ ಹುಳಿ ನಾತ ಎದ್ದಿತು. ಮೀನು ಮೇಲೆ ಬಂದು ಬಾಯಿ ಬಿಟ್ಟವು. ದನ ಕಡವಿನವರೆಗೆ ಬಂದು ಮೂಸಿ ಹಾಗೇ ಹಿಂದಿರುಗಿದವು. ಈಜಿದ ಮಕ್ಕಳು ಮೈಯೆಲ್ಲ ಕೆರೆದುಕೊಂಡವು. ಆ ಸುಗ್ಗಿಯಲ್ಲಿ ಕುಡಿಯುವ ನೀರಿಗಾಗಿ ನಾವು ಶಿರಂಗಾಲದವರೆಗೆ ಕೊಡ ಹೊತ್ತೆವು.

ನನ್ನ ಗಂಡ ಕೃಷ್ಣಪ್ಪ ಊರಿನ ಯಜಮಾನ. ಅವರು ಮಡಿಕೇರಿಗೆ ಹೋಗಿ ದೂರು ಕೊಟ್ಟು ಬಂದರು. ಕಾರ್ಖಾನೆಯ ಕೊಳೆನೀರನ್ನು ಹೊಳೆಗೆ ಬಿಡಬೇಕಾದರೆ ಸರ್ಕಾರದ ಪರವಾನಗಿ ಬೇಕು ಎಂದು ಅಲ್ಲಿ ಹೇಳಿದರಂತೆ. ಉತ್ತಯ್ಯನವರು ಅರ್ಜಿ ಹಾಕಬೇಕು, ಸುಬೇದಾರರು ಜಾಗಕ್ಕೆ ಬಂದು ನೋಡಿ, ಊರಿನವರ ಒಪ್ಪಿಗೆ ಕೇಳಿ, ಷರತ್ತು ಬರೆದು ಕೊಡಬೇಕು. ಮುಂದಿನ ಕಾರ್ತಿಕದಲ್ಲಿ, ಹಣ್ಣು ಕೆಂಪೇರಲು ಶುರುವಾದಾಗ, ಸುಬೇದಾರರು ಬಂದರು.

ಕಡವಿನ ಮೇಲಿನ ಮತ್ತಿಮರದ ಕೆಳಗೆ ಮೇಜು ಹಾಕಿದ್ದೆವು. ಗಂಡಸರು ಮುಂದೆ ಕೂತರು, ನಾವು ಹೆಂಗಸರು ಹಿಂದೆ ನಿಂತೆವು. ಉತ್ತಯ್ಯನವರು ತಮ್ಮ ಲೆಕ್ಕ ಬರೆಯುವ ರೈಟರ್ ಪೊನ್ನಪ್ಪನ ಜೊತೆ ಬಂದು ಇನ್ನೊಂದು ಪಕ್ಕದಲ್ಲಿ ಕೂತರು. ಸುಬೇದಾರರು ಷೂ ಕಳಚಿ, ಷರಾಯಿ ಮಡಚಿಕೊಂಡು ಹೊಳೆಗೆ ಇಳಿದರು. ಒಂದೊಂದೇ ಎಲೆ ಬಿಟ್ಟು ನೀರು ಯಾವ ಕಡೆಗೆ ಸೆಳೆಯುತ್ತದೆ ಎಂದು ನೋಡಿದರು. ಮೊಣಕಾಲವರೆಗೆ ನೆನೆದ ಅಧಿಕಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಳ್ಳೆಯ ಮನುಷ್ಯ ಅನ್ನಿಸಿತು.

“ಇದಕ್ಕೊಂದು ಸುಲಭದ ದಾರಿ ಇದೆ,” ಎಂದರು ಅವರು, ಮೇಲೆ ಬಂದು ಕಾಲು ಒರೆಸಿಕೊಳ್ಳುತ್ತ. “ಉತ್ತಯ್ಯನವರು ಕಾಲುವೆಯನ್ನು ನಿಮ್ಮ ಕಡವು ದಾಟಿಸಿ ತಿರುವಿನ ಹತ್ತಿರ ಬಿಡಲಿ. ಅಲ್ಲಿಂದ ಸೆಳೆತ ಆಚೆ ದಡಕ್ಕೆ ಒತ್ತಿಕೊಂಡು ಹೋಗುತ್ತೆ. ನಿಮ್ಮ ನೀರಿಗೆ ಏನೂ ಆಗೋದಿಲ್ಲ.”

“ಆಗಬಹುದು ಸಾರ್,” ಎಂದರು ಉತ್ತಯ್ಯ. “ಇನ್ನೊಂದಿಷ್ಟು ಉದ್ದದ ಕಾಲುವೆ ತಾನೆ. ತೆಗೆಸ್ತೇನೆ.”

ನಮ್ಮ ಗಂಡಸರ ಮುಖ ಅರಳಿತು. ಎಲ್ಲದಕ್ಕೂ ಮುಂದಾಗುವ ಕೆಂಪಣ್ಣ ಮಸಿಯ ಡಬ್ಬಿಗೆ ಆಗಲೇ ಹೆಬ್ಬೆರಳು ಒತ್ತಿ, ಎಲ್ಲಿ ಗುರುತು ಹಾಕಲಿ ಎಂದು ಕಾಗದದ ಮೇಲೆ ಬಗ್ಗಿದ್ದ.

ನಾನು ತಿರುವಿನ ಕಡೆ ನೋಡಿದೆ. ಆಚೆ ದಡದ ಕಡವಿನಲ್ಲಿ ನಿಂಗಮ್ಮ ನೀರು ತುಂಬುತ್ತಿದ್ದಳು. ಎರಡನೆಯ ಬಸಿರು, ತುಂಬು ಹೊಟ್ಟೆ. ನಮ್ಮ ಕಡೆ ಜನ ಸೇರಿದ್ದು ಕಂಡು ಕೈ ಎತ್ತಿದಳು.

“ಸ್ವಾಮಿ,” ಎಂದೆ ಹಿಂದಿನಿಂದಲೇ. “ತಿರುವಿನ ಕೆಳಗಡೆ ಯಾರವ್ರೆ ಅಂತ ಬರ್ಕೊಂಡಿದ್ದೀರಿ?”

ಸುಬೇದಾರರು ನಕ್ಷೆ ನೋಡಿದರು. “ಅಲ್ಲಿ ಯಾರೂ ಇಲ್ಲ ತಾಯಿ. ಅಲ್ಲಿಂದಾಚೆ ಮೈಸೂರು ರಾಜ್ಯ.”

“ಮೈಸೂರು ರಾಜ್ಯದೋರಿಗೆ ಬಾಯಾರಾಕಿಲ್ವಾ?”

ಜನ ನಕ್ಕರು. ಸುಬೇದಾರರೂ ನಕ್ಕರು. “ಆರುತ್ತೆ. ಆದರೆ ಅವರಿಗೆ ಬೇರೆ ಸರ್ಕಾರ ಇದೆಯಲ್ಲ. ನನ್ನ ಪೆನ್ನು ನಡೆಯೋದು ಹೊಳೆ ಮಧ್ಯದವರೆಗೆ ಮಾತ್ರ.”

“ನೀರು ಮಧ್ಯಕ್ಕೆ ಬಂದು ನಿಂತ್ಕತದಾ ಸ್ವಾಮಿ? ಅಕೋ, ಅಲ್ಲಿ ಕೊಡ ಮುಳುಗಿಸ್ತಾವ್ಳಲ್ಲ, ಅವಳು ನನ್ನ ಮಗಳು. ಹೋದ ವರ್ಸ ನಾನು ಕುಡಿಯಾಕಾಗ್ದೆ ಚೆಲ್ಲಿದ್ದನ್ನ ಈ ವರ್ಸ ಅವಳು ಕುಡೀಬೇಕು ಅಂತ ನಮ್ಮೂರೋರು ಹೆಬ್ಬೆಟ್ಟು ಒತ್ತೋದಾ?”

ಗಂಡ ಹಿಂದಿರುಗಿ ನೋಡಿದರು. “ಲೇ, ಸುಮ್ಕಿರು. ನಮ್ಮ ಕಡವು ಉಳೀತಲ್ಲ.”

“ಉಳೀತು. ನಾಳೆ ಬೀಗರ ಮನೇಲಿ ಚೊಂಬು ನೀರು ಮುಂದಿಟ್ರೆ ಕುಡೀತೀರಾ?”

ಅವರು ತಿರುವಿನ ಕಡೆ ನೋಡಿದರು. ರೈಟರ್ ಪೊನ್ನಪ್ಪ ನಡುವೆ ಬಾಯಿ ಹಾಕಿದ. ಅವನ ಬಾಯಿ ಯಾವಾಗಲೂ ಒಂದು ಹೆಜ್ಜೆ ಮುಂದೆ.

“ಅಲ್ಲ ಚಲುವಮ್ಮ, ಇಷ್ಟು ವರ್ಷ ನೀವು ಸೆಣಬು ಕೊಳೆ ಹಾಕಿದ್ದು ಎಲ್ಲಿ? ಇದೇ ತಿರುವಿನ ಮಡುವಲ್ಲಿ ಅಲ್ವಾ? ಆ ನೀರು ಎಂತ, ಕಾಶಿಗೆ ಹೋಯ್ತಾ?”

ಅವನು ಹೇಳಿದ್ದು ನಿಜ. ಸೆಣಬಿನ ಕಟ್ಟುಗಳನ್ನು ಹೊಳೆಯಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಕೊಳೆತ ಮೇಲೆ ಬಡಿದು ನಾರು ತೆಗೆಯುವುದು ನಮ್ಮ ಪದ್ಧತಿ. ನಾತ ತಡೆಯಲಾಗುವುದಿಲ್ಲ. ಅದಕ್ಕೇ ಹಿರಿಯರು ನಮ್ಮ ಕಡವಿನ ಕೆಳಗಿನ ಮಡುವನ್ನು ಆರಿಸಿದ್ದರು. ಆರಿಸುವಾಗ ಯಾರೂ ಆಚೆ ದಡವನ್ನು ನೋಡಿರಲಿಲ್ಲ. ನಿಂಗಮ್ಮನ ಅತ್ತೆ ವಿಶಾಲಾಕ್ಷಮ್ಮ ಮದುವೆ ಚಪ್ಪರದಲ್ಲೇ ಹೇಳಿದ್ದರು: “ನಿಮ್ಮೂರಿಂದ ನಮಗೆ ಹೆಣ್ಣೂ ಬಂತು, ಸೆಣಬಿನ ನಾತವೂ ಬಂತು.” ಎರಡೂ ಕಡೆಯವರು ನಕ್ಕು ಊಟಕ್ಕೆ ಎದ್ದಿದ್ದೆವು.

ಕೃಷ್ಣಪ್ಪ ನಿಧಾನಕ್ಕೆ ಎದ್ದು ನಿಂತರು. ಅವರು ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದರೆ ಊರಿನವರು ಬಾಯಿ ಮುಚ್ಚುತ್ತಾರೆ.

“ರೈಟ್ರು ಹೇಳಿದ್ದು ದಿಟ ಸ್ವಾಮಿ. ನಮ್ಮ ಹಿರೀಕರು ಮಾಡಿದ್ದನ್ನೇ ನೀವು ಈಗ ಕಾಗದದ ಮ್ಯಾಲೆ ಬರೀತಾ ಇದ್ದೀರಿ. ಅವರು ಓದಿದೋರಲ್ಲ, ಅವರ್ನ ಯಾರೂ ಕೇಳ್ಳಿಲ್ಲ. ನಮ್ಮನ್ನ ಕೇಳ್ತಾ ಇದ್ದೀರಲ್ಲ, ಅದಕ್ಕೇ ಹೇಳ್ತೀನಿ. ಕಾಫಿ ನೀರು ಹೊಳೆಗೆ ಬ್ಯಾಡ, ಮ್ಯಾಗಡೇನೂ ಬ್ಯಾಡ, ಕೆಳಗಡೇನೂ ಬ್ಯಾಡ. ನಮ್ಮ ಸೆಣಬೂ ಬ್ಯಾಡ. ಎರಡನ್ನೂ ಒಟ್ಟಿಗೇ ಬರ್ಕೊಳಿ.”

ಉತ್ತಯ್ಯನವರ ಮುಖ ಕೆಂಪಾಯಿತು. “ಮತ್ತೆ ನಾನೆಂತ ಮಾಡೋದು? ಕಾರ್ಖಾನೆಗೆ ಬೀಗ ಹಾಕೋದಾ? ಹಣ್ಣು ಗಿಡದಲ್ಲಿ ಕೆಂಪಾಗ್ತಾ ಉಂಟು. ಅದಕ್ಕೆ ನಿಮ್ಮ ಪಂಚಾಯ್ತಿ ಮುಗಿಯುವವರೆಗೆ ಕಾಯ್ಲಿಕ್ಕೆ ಗೊತ್ತಿಲ್ಲ.”

“ವಿರಾಜಪೇಟೆ ಕಡೆ ಒಂದು ತೋಟದಲ್ಲಿ ನಾನೇ ನೋಡಿದೀನಿ,” ಎಂದರು ಸುಬೇದಾರರು. “ಮೂರು ದೊಡ್ಡ ಗುಂಡಿ, ಒಂದರಿಂದ ಒಂದಕ್ಕೆ ನೀರು ಹರಿಯೋ ಹಾಗೆ. ಸಿಪ್ಪೆಯೆಲ್ಲ ಮೊದಲನೇದರಲ್ಲಿ ನಿಲ್ಲುತ್ತೆ. ಉಳಿದದ್ದನ್ನ ನೆಲ ಕುಡಿಯುತ್ತೆ. ಹೊಳೆಗೆ ಏನೂ ಬರೋದಿಲ್ಲ.”

“ನನಗೂ ಗೊತ್ತುಂಟು ಸಾರ್. ತೋಡ್ಲಿಕ್ಕೆ ಆಳೆಲ್ಲಿ? ತೋಟದ ಲೈನ್ ಮನೆಯಲ್ಲಿ ಇರೋರೆಲ್ಲ ಹಣ್ಣಿನ ಪಿಕಿಂಗಿಗೆ ಹೋಗಿದಾರೆ. ಈಗ ಎಷ್ಟು ಕೂಲಿ ಕೊಡ್ತೇನೆ ಅಂದ್ರೂ ಒಬ್ಬ ಸಿಕ್ಕೋದಿಲ್ಲ.”

“ನಾವು ಬತ್ತೀವಿ,” ಎಂದರು ಕೃಷ್ಣಪ್ಪ.

“ಕೂಲಿ ಎಷ್ಟು?”

“ಕೂಲಿ ಅಲ್ಲ. ಮುಯ್ಯಿ.”

ಮುಯ್ಯಿ ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಈ ದಿನ ನಾನು ನಿನ್ನ ಹೊಲದಲ್ಲಿ ಬಗ್ಗಿದರೆ, ನಾಳೆ ನೀನು ನನ್ನ ಹೊಲದಲ್ಲಿ ಬಗ್ಗಬೇಕು. ಅದಕ್ಕೆ ದುಡ್ಡು ಕೊಡುವ ಹಾಗಿಲ್ಲ, ಕೊಟ್ಟರೆ ಅವಮಾನ. ಉತ್ತಯ್ಯನವರಿಗೂ ಆ ಮಾತು ತಿಳಿಯಿತು.

“ಅಂದ್ರೆ ನಿಮ್ಮ ಭತ್ತದ ಕುಯ್ಲಿಗೆ ನಾನು ಆಳು ಕಳಿಸ್ಬೇಕು.”

“ಆಳು ಕಳಿಸೋದಲ್ಲ ಉತ್ತಯ್ಯನೋರೆ. ಮುಯ್ಯಿಗೆ ಮನೆಯೋರು ಬರೋದು.”

ಪೊನ್ನಪ್ಪ ಕಿಸಕ್ಕನೆ ನಕ್ಕ. ಉತ್ತಯ್ಯನವರು ನಗಲಿಲ್ಲ. ತಲೆಯ ಮೇಲಿನ ಹ್ಯಾಟು ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು.

“ನಮ್ಮ ಅಜ್ಜನ ಕಾಲದಲ್ಲಿ ನಮ್ಮ ಗದ್ದೆ ನಾಟಿಗೂ ಊರಿಗೆ ಊರೇ ಹೀಗೆ ಇಳೀತಿತ್ತು,” ಎಂದರು. “ಕಾಫಿ ಬಂದ ಮೇಲೆ ಎಲ್ಲ ಕೂಲಿಗೇ ಆಯ್ತು. ಸರಿ. ಬರ್ತೇನೆ. ಪೊನ್ನಪ್ಪನೂ ಬರ್ತಾನೆ.”

ಪೊನ್ನಪ್ಪನ ನಗು ಅಲ್ಲಿಗೆ ಮುಗಿಯಿತು.

ಸುಬೇದಾರರು ಬರೆದರು. ಹಣ್ಣಿನ ಕಾಲದಲ್ಲಿ ಹೊಳೆಗೆ ಒಂದು ಹನಿಯನ್ನೂ ಬಿಡಬಾರದು, ನೀರೆಲ್ಲ ಗುಂಡಿಗೇ ಹೋಗಬೇಕು, ಊರಿನವರು ಮಡುವಿನಲ್ಲಿ ಸೆಣಬು ಹಾಕಬಾರದು. ಆಮೇಲೆ ಪೆನ್ನು ಎತ್ತಿ, “ಈ ಮುಯ್ಯೀನ ಎಲ್ಲಿ ಬರೀಲಿ?” ಎಂದು ಕೇಳಿದರು. ಅದು ಬರೆಯುವಂಥದ್ದಲ್ಲ ಎಂದರು ಕೃಷ್ಣಪ್ಪ. ಕೆಂಪಣ್ಣ ಇನ್ನೂ ಮಸಿಯ ಹೆಬ್ಬೆರಳನ್ನು ಗಾಳಿಯಲ್ಲಿ ಹಿಡಿದು ನಿಂತಿದ್ದ. “ಸ್ವಾಮಿ, ಇದು ಒಣಗ್ತಾ ಅದೆ. ಒತ್ಲೋ, ಮನೆ ಗ್ವಾಡೆಗೆ ಬಳೀಲೋ?”

“ಇಲ್ಲೇ ಒತ್ತಪ್ಪ. ಷರತ್ತು ಬದಲಾಗಿದೆ, ಹೆಬ್ಬೆರಳು ಅದೇ ಸಾಕು.”

ಮಾರನೆಯ ದಿನವೇ ಕೆಲಸ ಶುರುವಾಯಿತು. ದಿಬ್ಬದ ಹಿಂದೆ, ಹೊಳೆಯಿಂದ ದೂರವಾಗಿ, ಹಗ್ಗ ಹಿಡಿದು ಗುರುತು ಮಾಡಿದರು. ಮೇಲೆ ಒಂದಾಳುದ್ದ ಮಣ್ಣು ಮೆತ್ತಗಿತ್ತು, ಕೆಳಗೆ ಜಲ್ಲಿಕಲ್ಲು. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಕೆಂಪಣ್ಣ ಹಾರೆಯನ್ನು ತನ್ನ ಕಾಲಿನ ಮೇಲೇ ಹಾಕಿಕೊಂಡು, ಬಟ್ಟೆ ಸುತ್ತಿಕೊಂಡು ಮತ್ತೆ ಇಳಿದ. ಕಾಲಿಗೂ ಮಸಿ ಹಚ್ಚಿಕೊಳ್ಳಲು ಹೋಗಿದ್ದೆಯಾ ಎಂದು ಹೆಂಗಸರು ಕೇಳಿದರು. ಊಟವೆಲ್ಲ ನಮ್ಮದೇ. ನಮ್ಮ ಮನೆಯ ಅಂಗಳದಲ್ಲಿ ಮೂರು ಒಲೆ ಹೂಡಿ ಮುದ್ದೆ ತೊಳಸಿದೆವು.

ಮೂರು ನಾಲ್ಕು ದಿನ ಕಳೆದ ಮೇಲೆ, ಬೆಳಿಗ್ಗೆ, ಆಚೆ ದಡದಿಂದ ಹರಿಗೋಲು ಬಂತು. ಅದರ ಹಿಂದೆ ಇನ್ನೊಂದು. ಎರಡರಲ್ಲೂ ಗಂಡಸರು, ಹೆಗಲ ಮೇಲೆ ಗುದ್ದಲಿ. ಮುಂದೆ ನನ್ನ ಅಳಿಯ ಸಣ್ಣಸ್ವಾಮಿ. ಅವರನ್ನು ನಾವು ಕರೆದಿರಲಿಲ್ಲ. ಅವರಿಗೆ ಯಾವ ಸುಬೇದಾರರೂ ಹೇಳಿರಲಿಲ್ಲ.

“ಇದೇನಪ್ಪ ಇಷ್ಟು ಜನ?” ಎಂದರು ಕೃಷ್ಣಪ್ಪ.

“ನಿಮ್ಮ ರಾಜ್ಯದ ಆಜ್ಞೆ ನಮಗೆ ತಾಗಾಕಿಲ್ಲ ಮಾವ,” ಎಂದ ಸಣ್ಣಸ್ವಾಮಿ. “ನೀರು ತಾಗ್ತದಲ್ಲ. ಎಲ್ಲಿ ತೋಡ್ಬೇಕು, ತೋರ್ಸಿ.”

ಎರಡನೆಯ ಹರಿಗೋಲಿನಿಂದ ವಿಶಾಲಾಕ್ಷಮ್ಮ ಮಜ್ಜಿಗೆಯ ಗಡಿಗೆ ಹಿಡಿದು ಇಳಿದರು. ಸೊಸೆ ಮನೆಯಲ್ಲಿ ಚೆನ್ನಾಗಿದ್ದಾಳೆ ಎಂದು ಮೊದಲು ಹೇಳಿ, ಆಮೇಲೆ ಸೊಂಟಕ್ಕೆ ಕೈ ಇಟ್ಟುಕೊಂಡರು.

“ಏನು ಬೀಗಿತ್ತಿ, ಸೆಣಬು ಬುಟ್ರಂತೆ?”

“ಬುಟ್ವಿ.”

“ಇನ್ನು ನಿಮ್ಮೂರ್ನ ಬಯ್ಯಾಕೆ ನಂಗೇನು ಉಳೀತು?”

“ಹುಡುಕಿ. ಸಿಕ್ತದೆ.”

ಗಡಿಗೆ ಕೆಳಗಿಟ್ಟು ಅವರು ನನ್ನ ಜೊತೆ ಒಲೆಯ ಮುಂದೆ ಕೂತರು. ಅವತ್ತಿನಿಂದ ದಿನವೂ ಬಂದರು.

ಗುಂಡಿ ಮುಗಿದು ಒಳಗಡೆಗೆ ಕಲ್ಲು ಕಟ್ಟಿದಾಗ ಉತ್ತಯ್ಯನವರು ಅಂಚಿನಲ್ಲಿ ನಿಂತು ಮೂರನ್ನೂ ನೋಡಿದರು. ಮಡಿಕೇರಿಯ ಕಂಟ್ರಾಕ್ಟರೂ ಇಷ್ಟು ನೇರಕ್ಕೆ ಕಟ್ಟುತ್ತಿರಲಿಲ್ಲ ಎಂದರು. ಅದು ಉಪಚಾರದ ಮಾತಲ್ಲ. ಇವತ್ತಿಗೂ ಹೋಗಿ ನೋಡಬಹುದು, ಒಂದು ಕಲ್ಲು ಅಲುಗಿಲ್ಲ.

ಅಲುಗಿದ್ದು ಒಂದೇ ಸಲ, ಅದೂ ಕಲ್ಲಲ್ಲ, ಅದರ ಹಿಂದಿನ ಮಣ್ಣು. ಸಿಪ್ಪೆ ಬಿಡಿಸುವ ಮಿಶನ್ ಓಡಲು ಶುರುವಾಗಿ ಸ್ವಲ್ಪ ದಿನವಾಗಿತ್ತು. ಕಣದಲ್ಲಿ ಬೀಜ ಹರವುತ್ತಿದ್ದ ನಮಗೆ ಎರಡನೆಯ ಗುಂಡಿಯ ಪಕ್ಕದಲ್ಲಿ ನೆಲ ಒದ್ದೆಯಾದದ್ದು ಕಂಡಿತು. ನೋಡನೋಡುತ್ತಿದ್ದಂತೆ ಕೆಂಪು ನೀರು ಬೆರಳಗಲದ ಗೆರೆಯಾಗಿ ಹೊಳೆಯ ಕಡೆಗಿನ ಇಳಿಜಾರು ಹಿಡಿಯಿತು. ನಾನು ಮಣ್ಣು ಎಳೆದು ಅಡ್ಡಗಟ್ಟಿ ಕೂಗಿದೆ. ಉತ್ತಯ್ಯನವರೂ ಪೊನ್ನಪ್ಪನೂ ಓಡಿ ಬಂದರು. ಅದೇ ಹೊತ್ತಿಗೆ ಹಣ್ಣು ತುಂಬಿದ ಎರಡು ಲಾರಿ ಬಂದು ನಿಂತಿದ್ದವು.

“ಇವತ್ತೊಂದು ದಿನ ಹೊಳೆಗೇ ಬಿಡುವ,” ಎಂದ ಪೊನ್ನಪ್ಪ. “ನಾಳೆ ರಿಪೇರಿ ಮಾಡಿದ್ರಾಯ್ತು. ಒಂದು ದಿನದ್ದು ಯಾರಿಗೆ ಗೊತ್ತಾಗ್ತದೆ?”

ಅದಕ್ಕೆ ಉತ್ತರ ಹೇಳಬೇಕಾದವರು ಉತ್ತಯ್ಯನವರು. ಅವರು ಲಾರಿಗಳನ್ನು ನೋಡಿದರು. ಕಣದಲ್ಲಿ ಒಂದು ಚಾಪೆಯಷ್ಟೂ ಖಾಲಿ ಜಾಗವಿರಲಿಲ್ಲ. ಮಿಶನ್ ನಿಲ್ಲಿಸಿದರೆ ಆ ಹಣ್ಣು ರಾಶಿಯಲ್ಲೇ ಬಿಸಿಯಾಗಿ ಕೆಡುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ಎರಡು ದಡದವರು ಮೈ ಮುರಿದು ತೋಡಿದ್ದು ಪೊನ್ನಪ್ಪ,” ಎಂದರು ಅವರು. “ನಾಳೆ ಅವರ ಗದ್ದೆಯಲ್ಲಿ ನಾನು ಯಾವ ಮುಖ ಇಟ್ಕೊಂಡು ಕುಯ್ಲಿ? ಮಿಶನ್ ನಿಲ್ಸು.”

ಮಿಶನ್ ನಿಂತಿತು. ನಮ್ಮ ಗಂಡಸರು ಕೆರೆಯಿಂದ ಜೇಡಿಮಣ್ಣು ತಂದು, ತುಳಿದು ಹದ ಮಾಡಿ, ಕಲ್ಲಿನ ಹಿಂದೆ ದಮ್ಮಸ್ಸು ಹಾಕಿದರು. ಅಷ್ಟರಲ್ಲಿ ಎರಡೂ ಲಾರಿಯ ಹಣ್ಣು ಹುಳಿತು ಹೋಗಿತ್ತು. ಅದನ್ನು ಗೊಬ್ಬರದ ಗುಂಡಿಗೆ ಸುರಿಸುವಾಗ ಉತ್ತಯ್ಯನವರು ಪಕ್ಕದಲ್ಲೇ ನಿಂತಿದ್ದರು. ಯಾರನ್ನೂ ಬಯ್ಯಲಿಲ್ಲ. ಅವತ್ತು ಸಂಜೆ ನಮ್ಮ ಊರಿನಲ್ಲಿ ಅವರನ್ನು ‘ಕಾಫಿ ಸಾಹುಕಾರರು’ ಎನ್ನುವುದು ನಿಂತು, ‘ನಮ್ಮ ಉತ್ತಯ್ಯನೋರು’ ಎನ್ನುವುದು ಶುರುವಾಯಿತು.

ಅಷ್ಟಾದರೂ ಭತ್ತದ ಕುಯ್ಲಿಗೆ ಅವರು ತಾವೇ ಬರುತ್ತಾರೆ ಎಂದು ಊರಿನಲ್ಲಿ ಅರ್ಧ ಜನ ನಂಬಿರಲಿಲ್ಲ. ಬಂದರೂ ಬದುವಿನ ಮೇಲೆ ಕೊಡೆ ಹಿಡಿದು ನಿಂತು ಹೋಗುತ್ತಾರೆ ಎಂದ ಕೆಂಪಣ್ಣ. ಪುಷ್ಯ ಮಾಸ, ಇಬ್ಬನಿ ಆರಿರಲಿಲ್ಲ. ಲಾರಿ ಬಂದು ನಿಂತಿತು. ಉತ್ತಯ್ಯನವರು, ಅವರ ತಮ್ಮ, ರೈಟರ್ ಪೊನ್ನಪ್ಪ ಇಳಿದರು. ಉತ್ತಯ್ಯನವರ ಕೈಯಲ್ಲಿ ಅವರದೇ ಮನೆಯ ಹಳೆಯ ಕುಡುಗೋಲು, ಹಿಡಿ ಸವೆದು ನುಣುಪಾದದ್ದು. ಹ್ಯಾಟನ್ನು ಬದುವಿನ ಮೇಲಿಟ್ಟು ಸಾಲಿನ ಮೊದಲಿಗೇ ಹೋಗಿ ಬಗ್ಗಿದರು. ಭತ್ತ ಅವರಿಗೆ ಹೊಸದಲ್ಲ, ನಾವು ಮರೆತಿದ್ದೆವು. ತಮ್ಮ ಸಾಲು ಮುಗಿಸಿ ನೆಟ್ಟಗೆ ನಿಂತು ಹಿಂದಿರುಗಿ ನೋಡಿದಾಗ ಕೆಂಪಣ್ಣ ಇನ್ನೂ ಅರ್ಧದಲ್ಲಿದ್ದ.

ಪೊನ್ನಪ್ಪನ ಕಥೆ ಬೇರೆ. ಅವನು ಒಂದು ಹಿಡಿ ಕುಯ್ದು ಒಂದು ಸಲ ಸೊಂಟ ಹಿಡಿದುಕೊಳ್ಳುತ್ತಿದ್ದ.

“ರೈಟ್ರೇ, ಕುಡುಗೋಲ್ನ ಪೆನ್ನು ಹಿಡ್ದಂಗೆ ಹಿಡೀಬ್ಯಾಡಿ,” ಎಂದೆ.

“ನನ್ನ ಬಾಯಿಗೆ ಬಿದ್ದ ದಂಡ ಚಲುವಮ್ಮ,” ಎಂದ ಅವನು, ಕೂತಲ್ಲಿಂದಲೇ. “ಆವತ್ತು ಸೆಣಬಿನ ಮಾತು ಎತ್ತದೆ ಇದ್ದಿದ್ರೆ ನಾನೀಗ ಆಫೀಸಲ್ಲಿ ಕೂತಿರ್ತಿದ್ದೆ.”

ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ಉತ್ತಯ್ಯನವರು ಕೈ ತೊಳೆದುಕೊಂಡು ಕೃಷ್ಣಪ್ಪನವರನ್ನು ಕೇಳಿದರು. “ಆಚೆ ದಡದವರೂ ಬಂದಿದ್ರಲ್ಲ. ಅವರ ಕುಯ್ಲು ಯಾವಾಗ?”

“ಅದು ಮೈಸೂರು ರಾಜ್ಯ ಉತ್ತಯ್ಯನೋರೆ,” ಎಂದರು ನನ್ನ ಗಂಡ, ಮುಖ ಗಂಭೀರ ಮಾಡಿಕೊಂಡು.

“ಅಲ್ಲಿ ಭತ್ತ ಕುಯ್ಲಿಕ್ಕೂ ಪರವಾನಗಿ ಬೇಕಾ?”

ಎರಡು ದಿನ ಬಿಟ್ಟು ಉತ್ತಯ್ಯನವರು ಹರಿಗೋಲಿನಲ್ಲಿ ಆಚೆ ದಡಕ್ಕೆ ಹೊರಟರು. ನಾನೂ ಹೋದೆ, ನಿಂಗಮ್ಮನಿಗೆ ಹೆರಿಗೆಯಾಗಿತ್ತು. ಹೆಣ್ಣು ಮಗು. ಕಡವಿನಲ್ಲಿ ಹರಿಗೋಲು ತಾಗಿದಾಗ ವಿಶಾಲಾಕ್ಷಮ್ಮ ಬಾಣಂತಿಯ ನೀರಿಗೆ ಕೊಡ ತುಂಬುತ್ತಿದ್ದರು. ನೀರು ತಿಳಿಯಾಗಿತ್ತು, ತಳದ ಮರಳು ಕಾಣುತ್ತಿತ್ತು. ಉತ್ತಯ್ಯನವರು ಬಗ್ಗಿ ಬೊಗಸೆಯಲ್ಲಿ ತೆಗೆದು ಕುಡಿದು, ಬಾಯಿ ಒರೆಸಿಕೊಂಡು, ಗದ್ದೆ ಯಾವ ಕಡೆ ಎಂದು ಕೇಳಿದರು.

ಈಗ ಎರಡು ದಡವೂ ಒಂದೇ ರಾಜ್ಯ. ನಾವು ಅದಕ್ಕೆ ಕಾಯಲಿಲ್ಲ ಎಂಬುದನ್ನು ನಾನು ಎಲ್ಲಿ ಬೇಕಾದರೂ ತಲೆ ಎತ್ತಿ ಹೇಳುತ್ತೇನೆ. ಕಳೆದುಕೊಂಡದ್ದು ನಮ್ಮ ಹಗ್ಗದ ಹೆಸರು. ಈಗ ಸೆಣಬನ್ನು ಊರ ಹಿಂದಿನ ಹೊಂಡದಲ್ಲಿ ಕೊಳೆ ಹಾಕುತ್ತೇವೆ, ನಾರು ಮೊದಲಿನಷ್ಟು ಬಿಳುಪಾಗುವುದಿಲ್ಲ, ಸಂತೆಯಲ್ಲಿ ನಮ್ಮ ಹಗ್ಗವನ್ನು ಕೇಳಿಕೊಂಡು ಬರುವವರು ಕಡಿಮೆ. ಗಳಿಸಿದ್ದು, ಸುಗ್ಗಿಯ ಕಾಲದಲ್ಲೂ ಎರಡು ದಡದವರು ಹೊಳೆಯ ನೀರನ್ನೇ ಕುಡಿಯುತ್ತೇವೆ.